ಶೆಟ್ಟರು ಕೇಳಿದ ಕೋಲ

ಕೋವಿಡ್ ಕಳೆದು, ಮುಚ್ಚಿದ್ದ ಹೋಟೆಲುಗಳೆಲ್ಲ ಮತ್ತೆ ಬಾಗಿಲು ತೆರೆದು, ಮಾಲೀಕರು ಗೋಡೆಗಳ ಮೇಲೆ ಖರ್ಚು ಮಾಡುವ ಧೈರ್ಯ ತಂದುಕೊಂಡ ಕಾಲ ಅದು. ನಾನು ಚೆನ್ನೈನಲ್ಲಿ ಸ್ವತಂತ್ರವಾಗಿ ಮ್ಯೂರಲ್ ಕೆಲಸ ಮಾಡುತ್ತಿದ್ದೆ, ಈಗಲೂ ಮಾಡುತ್ತಿದ್ದೇನೆ. ಮ್ಯೂರಲ್ ಎಂದರೆ ಭಿತ್ತಿಚಿತ್ರ. ಚೌಕಟ್ಟು ಹಾಕಿ ಮೊಳೆಗೆ ನೇತುಹಾಕುವ ಚಿತ್ರವಲ್ಲ, ಗೋಡೆಯ ಮೈಮೇಲೆಯೇ ಬರೆಯುವುದು. ಈ ವ್ಯತ್ಯಾಸವನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನನ್ನ ಗಿರಾಕಿಗಳಲ್ಲಿ ಅರ್ಧಕ್ಕರ್ಧ ಜನಕ್ಕೆ ಅದು ಕೊನೆಯವರೆಗೂ ತಲೆಗೆ ಹೋಗುವುದಿಲ್ಲ. ‘ಇದನ್ನ ಸ್ವಲ್ಪ ಆ ಕಡೆಗೆ ಸರಿಸಿ ಮೇಡಂ’ ಎನ್ನುತ್ತಾರೆ. ಎಲ್ಲಿಗೆ ಸರಿಸಲಿ? ಗೋಡೆಯನ್ನೇ ಎತ್ತಿಕೊಂಡು ಹೋಗಲೇ?

ಮೈಸೂರಿನಲ್ಲಿ ಚಿತ್ರಕಲೆ ಓದಿದವಳು ನಾನು. ಗಂಡನ ಕೆಲಸದ ದೆಸೆಯಿಂದ ಅಣ್ಣಾ ನಗರಕ್ಕೆ ಬಂದು ನೆಲೆಸಿದೆ. ಆಸ್ಪತ್ರೆ, ಶಾಲೆ, ಸೀರೆ ಅಂಗಡಿ, ಮದುವೆ ಮಂಟಪ ಎಂದು ನೋಡದೆ ಗೋಡೆ ಸಿಕ್ಕಲ್ಲೆಲ್ಲ ಬರೆದಿದ್ದೇನೆ. ಇದರಲ್ಲಿ ಒಂದೇ ಒಂದು ಗೋಡೆ ಇವತ್ತಿಗೂ ನನ್ನ ತಲೆ ತಿನ್ನುತ್ತದೆ. ಅದು ಟಿ. ನಗರದ ಒಂದು ಹೊಸ ಹೋಟೆಲಿನ ಗೋಡೆ.

ಮಾಲೀಕರು ಮಂಜಯ್ಯ ಶೆಟ್ಟರು, ಉಡುಪಿ ಕಡೆಯವರು. ಹುಡುಗನಾಗಿದ್ದಾಗ ಮೈಲಾಪುರದ ಒಂದು ಹೋಟೆಲಿನಲ್ಲಿ ಲೋಟ ತೊಳೆಯಲು ಸೇರಿ, ಕೊನೆಗೆ ಆ ಹೋಟೆಲನ್ನೇ ಕೊಂಡವರು. ನಮ್ಮ ಕಡೆಯ ಮಾತಿನಲ್ಲಿ ಹೋಟೆಲ್ ಎಂದರೆ ಇಡ್ಲಿ ಕಾಫಿ ಸಿಗುವ ಜಾಗ, ಇದು ಹಾಗಲ್ಲ. ಮೇಲೆ ಮೂರು ಮಹಡಿ ರೂಮುಗಳು, ಕೆಳಗೆ ಸಸ್ಯಾಹಾರಿ ಊಟದ ಹಾಲು. ಟಿ. ನಗರಕ್ಕೆ ಮದುವೆ ಸೀರೆ, ಒಡವೆ ಕೊಳ್ಳಲು ಎಲ್ಲೆಲ್ಲಿಂದಲೋ ಕುಟುಂಬ ಸಮೇತ ಬರುತ್ತಾರಲ್ಲ, ಅವರಿಗಾಗಿ ಕಟ್ಟಿಸಿದ್ದು. ಮಗ ರೋಹಿತ್ ನೋಡಿಕೊಳ್ಳುತ್ತಿದ್ದ. ಚೆನ್ನೈನಲ್ಲೇ ಹುಟ್ಟಿ ಬೆಳೆದ ಹುಡುಗ. ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ ಕೊಡುತ್ತಾನೆ, ತಮಿಳಿನಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ. ಸಂಭಾವಿತ, ಆದರೆ ಯಾವ ವಿಷಯವನ್ನೂ ಮೊಬೈಲಿನ ಪರದೆಗಿಂತ ದೊಡ್ಡದಾಗಿ ನೋಡಿ ಅಭ್ಯಾಸವಿಲ್ಲ.

ಗೋಡೆ ಮೂವತ್ತೆಂಟು ಅಡಿ ಉದ್ದ, ಹನ್ನೊಂದು ಅಡಿ ಎತ್ತರ. ಎಂಟ್ರನ್ಸಿನಿಂದ ಶುರುವಾಗಿ ಊಟದ ಹಾಲಿನ ಕೊನೆಯವರೆಗೆ ಒಂದೇ ಸಮನೆ ಹೋಗುತ್ತಿತ್ತು. ಅಂಥ ಗೋಡೆ ನೋಡಿದರೆ ನನ್ನಂಥವಳಿಗೆ ಬಾಯಲ್ಲಿ ನೀರೂರುತ್ತದೆ. ಆದರೆ ಇಂಟೀರಿಯರ್ ಡಿಸೈನರ್ ಎಂಬ ಯುವಕನೊಬ್ಬ ಮೊದಲ ಮೀಟಿಂಗಿನಲ್ಲೇ ನನ್ನ ಬಾಯಿ ಒಣಗಿಸಿದ. ‘ಥೀಮ್ ಮಲ್ಟಿಕಲ್ಚರಲ್, ಮೇಡಂ. ಲೋಕಲ್ ಇರಬೇಕು, ಗ್ಲೋಬಲ್ಲೂ ಇರಬೇಕು. ಬರೋ ಪ್ರತಿಯೊಬ್ಬ ಗೆಸ್ಟಿಗೂ ಗೋಡೆಯಲ್ಲಿ ತಾನು ಕಾಣಿಸಬೇಕು.’ ಪ್ರತಿಯೊಬ್ಬ ಗೆಸ್ಟಿಗೂ ತಾನು ಕಾಣಿಸಬೇಕಾದರೆ ಕನ್ನಡಿ ಹಾಕಪ್ಪ, ನನ್ನನ್ನು ಯಾಕೆ ಕರೆದೆ? ಎಂದು ಕೇಳಬೇಕೆನ್ನಿಸಿತು. ಕೇಳಲಿಲ್ಲ. ಕೆಲಸ ಬೇಕಿತ್ತು.

ನಾನು ಮೊದಲು ಕೊಟ್ಟ ಸ್ಕೆಚ್ ಬೇರೆಯೇ ಇತ್ತು. ಟಿ. ನಗರದ ಬೀದಿಯಲ್ಲಿ ಬೆಳಗಿನಿಂದ ರಾತ್ರಿವರೆಗೆ ಕಾಣುವ ಜನ: ಸೀರೆ ಗಂಟು ಹೊತ್ತ ಹೆಂಗಸರು, ಫುಟ್‌ಪಾತಿನ ಮೇಲೆ ಮಕ್ಕಳಿಗೆ ಊಟ ಮಾಡಿಸುವ ಅಜ್ಜಿ, ಚೌಕಾಸಿ ಮಾಡಿ ಸೋತು ಹೋಗುತ್ತಿರುವ ಮದುವೆ ಗಂಡು. ಯಾರು ಎಲ್ಲಿಯವರೆಂದು ಮುಖ ನೋಡಿ ಹೇಳುವಂತಿರಲಿಲ್ಲ. ಅದೇ ಅದರ ಚೆಂದ. ಅದೇ ತಪ್ಪಾಯಿತು. ‘ಪಂಜಾಬಿ ಯಾರು ಅಂತ ಹೇಗೆ ಗೊತ್ತಾಗುತ್ತೆ?’ ಎಂದ ಡಿಸೈನರ್. ಸರಿ, ಒಬ್ಬನಿಗೆ ಪೇಟ ಹಾಕಿ ಎಂದರು, ಹಾಕಿದೆ. ಭಾಂಗ್ರಾ ಮಾಡುತ್ತಿರಲಿ ಎಂದರು, ಕುಣಿಸಿದೆ. ಮಲಯಾಳಿ ಹೆಂಗಸಿಗೆ ಜರಿ ಅಂಚಿನ ಬಿಳಿ ಸೀರೆ. ರಾಜಸ್ಥಾನಿಯ ಪಕ್ಕಕ್ಕೆ ಒಂಟೆ. ಬಂಗಾಳಿಯ ಕೈಗೆ ಶಂಖ. ಫಾರಿನ್ನಿನವರು ಬೇಡವೇ? ಕ್ಯಾಮೆರಾ ತೂಗುಹಾಕಿಕೊಂಡ ಒಬ್ಬ ಬಿಳಿಯ. ಒಬ್ಬೊಬ್ಬರ ಫೋನಿಗೂ ಒಬ್ಬೊಬ್ಬ ಮನುಷ್ಯ ಗೋಡೆಗೆ ಸೇರುತ್ತಿದ್ದ. ನನ್ನ ಬೀದಿ ಮಾಯವಾಗಿ ಶಾಲೆಯ ಫ್ಯಾನ್ಸಿ ಡ್ರೆಸ್ ಸ್ಪರ್ಧೆ ತಯಾರಾಯಿತು. ಶುದ್ಧ ಕಲಸುಮೇಲೋಗರ.

ಹೊಸ ಹೋಟೆಲಿನಲ್ಲಿ ರೂಮು ನೋಡಿಕೊಳ್ಳಲು ಆಗಲೇ ಸೇರಿದ್ದ ಮಣಿಪುರದ ಹುಡುಗಿಯೊಬ್ಬಳು ಒಂದು ದಿನ ಬಂದು, ಗೋಡೆಯ ಮೇಲೆ ತನ್ನ ಕಡೆಯವಳೆಂದು ನಾನು ಬರೆದಿದ್ದ ಹೆಂಗಸನ್ನು ಬಹಳ ಹೊತ್ತು ನೋಡಿದಳು. ಆ ಉಡುಪನ್ನು ನೀನು ಎಂದಾದರೂ ಹಾಕಿದ್ದೀಯಾ ಎಂದು ಕೇಳಿದೆ. ಇಲ್ಲ, ಕುಣಿಯುವವರು ಹಾಕುತ್ತಾರೆ ಎಂದಳು. ಮತ್ತೆ ನೀನು ಏನು ಹಾಕುತ್ತೀ? ತನ್ನ ಜೀನ್ಸ್ ತೋರಿಸಿ ನಕ್ಕು ಹೋದಳು. ನನಗೆ ನಗು ಬರಲಿಲ್ಲ.

ಎಲ್ಲರೂ ಸೇರಿದರೂ ಎಂಟ್ರನ್ಸಿನ ಪಕ್ಕದ ಎಂಟಡಿ ಅಗಲದ ತುಂಡು ಖಾಲಿ ಉಳಿದಿತ್ತು. ಅಲ್ಲಿ ಏನು ಎಂದು ಮಗನನ್ನು ಕೇಳಿದರೆ ಡಿಸೈನರನ್ನು ಕೇಳಿ ಎಂದ. ಡಿಸೈನರ್ ‘ಹಾಸ್ಪಿಟಾಲಿಟಿ ಫೀಲ್ ಬರೋ ಹಾಗೆ ಏನಾದರೂ’ ಎಂದ. ಎರಡು ಕೈ ಜೋಡಿಸಿದ ನಮಸ್ತೆ ಬರೆಯಲೇ? ಅದಕ್ಕಿಂತ ನಾನು ಸುಣ್ಣ ಹೊಡೆಯಲು ಹೋಗುತ್ತಿದ್ದೆ. ತಾಳ್ಮೆ ಕೆಟ್ಟು ನೇರವಾಗಿ ಶೆಟ್ಟರಿಗೇ ಫೋನ್ ಮಾಡಿದೆ. ಅವರಿಗೆ ಮಂಡಿ ನೋವು. ಮೈಲಾಪುರದ ಹಳೇ ಹೋಟೆಲಿನ ಗಲ್ಲಾ ಬಿಟ್ಟು ಹೊಸ ಕಟ್ಟಡದ ಕಡೆ ಬರುತ್ತಲೇ ಇರಲಿಲ್ಲ.

‘ಎಂಟ್ರನ್ಸಲ್ಲಿ ಒಂದು ದೊಡ್ಡ ಕೋಲ ಹಾಕಿ ಮೇಡಂ,’ ಎಂದರು. ಹಿನ್ನೆಲೆಯಲ್ಲಿ ಲೋಟ ತಟ್ಟೆಗಳ ಗಲಾಟೆ. ‘ಬರುವವರಿಗೆ ಒಳ್ಳೇದಾಗ್ಲಿ. ಎಲ್ಲರದ್ದೂ ಹಾಕಿದ್ದೀರಂತೆ, ನಮ್ಮದು ಅಂತ ಒಂದು ಬೇಕಲ್ಲ?’

ನನ್ನ ಕಿವಿ ನೆಟ್ಟಗಾಯಿತು. ಕೋಲ! ಉಡುಪಿ ಕಡೆಯ ಶೆಟ್ಟರ ಬಾಯಲ್ಲಿ ಕೋಲ ಎಂದರೆ ಇನ್ನೇನು? ಕರಾವಳಿಯ ದೈವಕ್ಕೆ ಮನೆತನದವರು ಮಾಡಿಸುವ ಸೇವೆ. ದೈವ ಮೈಮೇಲೆ ಬಂದ ಮನುಷ್ಯ ಬೆನ್ನ ಹಿಂದೆ ಅಣಿ ಎಂಬ ದೊಡ್ಡ ಪ್ರಭಾವಳಿ ಕಟ್ಟಿ, ಕಾಲಿಗೆ ಗಗ್ಗರ ಎಂಬ ದೊಡ್ಡ ಗೆಜ್ಜೆ ತೊಟ್ಟು, ಸೊಂಟಕ್ಕೆ ತೆಂಗಿನ ಎಳೆಗರಿಯ ಸಿರಿ ಸುತ್ತಿ ಕುಣಿಯುತ್ತಾನೆ; ಮನೆಯವರಿಗೆ ಅಭಯದ ನುಡಿ ಕೊಡುತ್ತಾನೆ. ಒಂಟೆ, ಶಂಖ, ಕ್ಯಾಮೆರಾಗಳ ನಡುವೆ ಒಬ್ಬರಾದರೂ ತಮ್ಮ ಮನಸ್ಸಿನಲ್ಲಿರುವುದನ್ನು ಕೇಳಿದರಲ್ಲ ಎಂದು ಸಂತೋಷವಾಯಿತು. ಸ್ಕೆಚ್ ತಂದು ತೋರಿಸುತ್ತೇನೆ ಎಂದೆ. ‘ಅಯ್ಯೋ, ಅದನ್ನೆಂತ ನೋಡುದು? ನಂಗೆ ಗೊತ್ತಿಲ್ವಾ ಕೋಲ ಅಂದ್ರೆ? ಗೋಡೆಯಲ್ಲೇ ನೋಡ್ತೇನೆ. ಬೇಗ ಬೇಗ ಮುಗಿಸಿ,’ ಎಂದು ಫೋನ್ ಇಟ್ಟರು.

ಆದರೂ ನಾನು ನಿಯಮ ಬಿಡಲಿಲ್ಲ. ಸ್ಕೆಚ್ ಬರೆದು ಮಗನಿಗೂ ಡಿಸೈನರಿಗೂ ಕಳಿಸಿದೆ. ಮಗನಿಂದ ಹೆಬ್ಬೆರಳಿನ ಚಿಹ್ನೆ ಬಂತು. ಡಿಸೈನರ್ ‘ವಾವ್, ತೆಯ್ಯಂ! ಕೇರಳ ಗೆಸ್ಟ್ಸ್ ವಿಲ್ ಲವ್ ಇಟ್’ ಎಂದು ಬರೆದ. ಕೇರಳದ್ದಲ್ಲಪ್ಪ ಎಂದು ತಿದ್ದಿದೆ. ಅದಕ್ಕೂ ಒಂದು ಹೆಬ್ಬೆರಳು.

ಆಮೇಲೆ ನಾನು ಬೇರೆ ಯಾವುದಕ್ಕೂ ತಲೆ ಕೊಡಲಿಲ್ಲ. ಗೋಡೆಗೆ ಪುಟ್ಟಿ ಮತ್ತೆ ಎಳೆಸಿ, ಪ್ರೈಮರ್ ಹೊಡೆಸಿ, ಚೌಕುಳಿ ಗೆರೆ ಎಳೆದುಕೊಂಡು ಸಾರುವೆ ಹತ್ತಿದೆ. ಉಳಿದ ಮೂವತ್ತಡಿಯಲ್ಲಿ ಪರರ ಹುಕುಂ ಪಾಲಿಸಿದ್ದ ಕೈಗೆ ಈ ಎಂಟಡಿಯಲ್ಲಿ ಜೀವ ಬಂತು. ಅಣಿಯ ಕೆಂಪು, ಮುಖದ ಹಳದಿ, ಸಿರಿಯ ಎಳೆಹಸಿರು. ಕಾಲು ಮುಂದಿಟ್ಟು ನೋಡುವವರ ಕಡೆಗೆ ಬರುತ್ತಿರುವ ಆಳೆತ್ತರ ಮೀರಿದ ಆಕೃತಿ. ಕಣ್ಣು ಬರೆದ ದಿನ ನಾನು ಸಾರುವೆಯಿಂದ ಇಳಿದು ದೂರ ನಿಂತು ನೋಡಿದೆ. ಜಂಬವೆಂದರೂ ಸರಿ, ಹೇಳಿಬಿಡುತ್ತೇನೆ: ಅಷ್ಟು ಚೆನ್ನಾದದ್ದನ್ನು ನಾನು ಅದಕ್ಕೆ ಮುಂಚೆ ಬರೆದಿರಲಿಲ್ಲ. ಆಮೇಲೂ ಬರೆದಿಲ್ಲ. ನನ್ನ ಜೊತೆಗಿದ್ದ ತಮಿಳು ಪೇಂಟರುಗಳು ಮಧ್ಯಾಹ್ನದ ಊಟದ ಡಬ್ಬಿಯನ್ನು ಅದರ ಎದುರು ಬಿಚ್ಚುವುದನ್ನು ತಾವಾಗಿಯೇ ಬಿಟ್ಟು ಹಿಂದಿನ ಅಂಗಳಕ್ಕೆ ಹೋಗತೊಡಗಿದರು. ನನ್ನ ಕೈಗೆ ಸಿಕ್ಕ ಹೊಗಳಿಕೆ ಎಂದುಕೊಂಡೆ.

ಉದ್ಘಾಟನೆಗೆ ಒಂದು ವಾರವಿರುವಾಗ ಮೈಲಾಪುರದಿಂದ ಅಡುಗೆಯವರು, ಸಪ್ಲೈಯರುಗಳು ಹೊಸ ಹೋಟೆಲಿಗೆ ಬಂದರು. ಎಲ್ಲರೂ ಶೆಟ್ಟರ ಊರ ಕಡೆಯವರು. ಸಪ್ಲೈಯರುಗಳ ಮೇಸ್ತ್ರಿ ಸುಧಾಕರ ಒಳಗೆ ಕಾಲಿಟ್ಟವನು ಬಾಗಿಲಲ್ಲೇ ಚಪ್ಪಲಿ ಬಿಟ್ಟು ನಿಂತುಬಿಟ್ಟ. ಅವನ ಹಿಂದೆ ಬಂದವರೂ ಒಬ್ಬೊಬ್ಬರಾಗಿ ಬಿಟ್ಟರು. ಹೊಸ ಗ್ರಾನೈಟ್ ನೆಲದ ಮೇಲೆ ಚಪ್ಪಲಿಗಳ ರಾಶಿ ನೋಡಿ ನನಗೆ ಇನ್ನಷ್ಟು ಹೆಮ್ಮೆಯಾಯಿತು.

‘ಮೇಡಂ, ಇದು ಯಾವ ದೈವ?’ ಎಂದ ಸುಧಾಕರ.

ನಾನು ತಡವರಿಸಿದೆ. ಹತ್ತಾರು ಫೋಟೋ ನೋಡಿ ಒಂದರ ಅಣಿ, ಇನ್ನೊಂದರ ಮುಖವರ್ಣಿಕೆ ಸೇರಿಸಿ ಬರೆದಿದ್ದೆ. ಚಿತ್ರಕ್ಕೆ ಅದು ಸಲ್ಲುತ್ತದೆ. ಹಾಗೆಂದು ವಿವರಿಸಿದೆ. ಹಿಂದೆ ನಿಂತಿದ್ದ ಒಬ್ಬ, ಇದು ನಮ್ಮ ಮನೆಯ ದೈವವೇ ಸೈ ಎಂದ. ಇನ್ನೊಬ್ಬ, ಹಲ್ಲು ನೋಡು ಮಾರಾಯ, ನಮ್ಮೂರಿನದ್ದು ಎಂದ. ಅವರವರಲ್ಲೇ ತುಳುವಿನಲ್ಲಿ ಜೋರು ಚರ್ಚೆ ಆಯಿತು. ಒಂದು ವಿಷಯದಲ್ಲಿ ಮಾತ್ರ ಎಲ್ಲರೂ ಒಂದಾದರು. ಚಿತ್ರದ ಪಕ್ಕದಲ್ಲೇ ಕೈತೊಳೆಯುವ ಬೇಸಿನ್ ಇತ್ತು. ಅದರ ಪಕ್ಕದ ಓಣಿಯೇ ಪಾತ್ರೆ ತೊಳೆಯುವ ಕೋಣೆಗೆ ದಾರಿ. ಉಂಡು ಬಿಟ್ಟ ತಟ್ಟೆಗಳ ಗಾಡಿ ದಿನವಿಡೀ ಆ ಆಕೃತಿಯ ಪಾದದ ಬುಡದಲ್ಲೇ ಹೋಗಬೇಕಿತ್ತು.

‘ಇದರ ಎದುರು ಎಂಜಲು ತೆಕ್ಕೊಂಡು ಹೋಗ್ಲಿಕ್ಕೆ ನಂಗೆ ಆಗುದಿಲ್ಲ ಮೇಡಂ. ಕೆಲಸ ಹೋದ್ರೂ ಅಡ್ಡಿಲ್ಲ,’ ಎಂದ ಸುಧಾಕರ. ಉಳಿದವರು ತಲೆ ಆಡಿಸಿದರು.

ರೋಹಿತನಿಗೆ ಫೋನ್ ಮಾಡಿದರೆ, ‘ಆಂಟಿ, ಅಪ್ಪಾದಾನೇ ಕೇಟ್ಟಾರ್?’ ಎಂದು ನನ್ನನ್ನೇ ಕೇಳಿದ. ಅಪ್ಪನೇ ತಾನೇ ಕೇಳಿದ್ದು ಎಂದು ಅವನು ಸುಮ್ಮನಿದ್ದನಂತೆ. ಮಗ ಒಪ್ಪಿದ್ದಾನೆ ಎಂದು ನಾನು ಸುಮ್ಮನಿದ್ದೆ. ಅಪ್ಪ ಮಂಡಿಗೆ ಪಟ್ಟಿ ಕಟ್ಟಿಕೊಂಡು ಆಟೋ ಹತ್ತಿ ಬಂದರು.

ಶೆಟ್ಟರು ಬಾಗಿಲಲ್ಲಿ ನಿಂತರು. ಚಪ್ಪಲಿ ಕಳಚಿದರು. ಸದಾ ಗಲ್ಲಾದ ಹಿಂದೆ ನಿಂತು ನಾಲ್ಕು ಜನರ ಮೇಲೆ ಒಟ್ಟಿಗೆ ರೇಗುವ ಮನುಷ್ಯನ ಮುಖ ಬಿಳಿಚಿಕೊಂಡಿತ್ತು. ಆಮೇಲೆ ನನ್ನ ಕಡೆ ತಿರುಗಿ ಹೇಳಿದರು: ‘ಎಂತ ಮಾಡಿದ್ರಿ ಮಾರಾಯ್ರೆ?’

‘ನೀವೇ ತಾನೇ ಶೆಟ್ರೇ ಕೋಲ ಹಾಕಿ ಅಂದಿದ್ದು!’

‘ಕೋಲ ಅಂದೆ! ಕೋಲ! ನಮ್ಮವಳು ದಿನಾ ಬೆಳಿಗ್ಗೆ ಹೋಟೆಲಿನ ಎದುರು ನೀರು ಹಾಕಿ, ಹಿಟ್ಟಿನಲ್ಲಿ ಚುಕ್ಕಿ ಇಟ್ಟು ಹಾಕ್ತಾಳಲ್ಲ, ಆ ಕೋಲ!’

‘ಅದು ಕೋಲಂ! ರಂಗೋಲಿ!’

‘ಅದನ್ನೇ ನಾನೂ ಹೇಳಿದ್ದು. ಕೋಲ!’

ಅಯ್ಯೋ ನನ್ನ ಕರ್ಮವೇ! ತಮಿಳರು ಕೋಲಂ ಎನ್ನುವಾಗ ಕೊನೆಯ ಮಕಾರವನ್ನು ಮೂಗಿನಲ್ಲೇ ಮುಗಿಸಿಬಿಡುತ್ತಾರೆ. ಜೀವಮಾನವೆಲ್ಲ ಮೈಲಾಪುರದಲ್ಲಿ ಕಳೆದ ಶೆಟ್ಟರ ಬಾಯಲ್ಲಿ ಆ ಮೂಗೂ ಹೋಗಿ ಬರೀ ಕೋಲ ಉಳಿದಿತ್ತು. ‘ನಮ್ಮದು’ ಎಂದು ಅವರು ಕೇಳಿದ್ದು ಮೈಲಾಪುರದ ಬಾಗಿಲ ಮುಂದಿನ ಬಿಳಿ ಚುಕ್ಕಿಗಳನ್ನು. ಶೆಟ್ಟರು ಉಡುಪಿಯವರು, ಆದ್ದರಿಂದ ಅವರ ‘ನಮ್ಮದು’ ಉಡುಪಿಯದೇ ಇರಬೇಕೆಂದು ನಿರ್ಧರಿಸಿದವಳು ಮೈಸೂರಿನ ನಾನು. ಇಷ್ಟಕ್ಕೂ ದೈವದ ಕೋಲವನ್ನು ಯಾರೂ ‘ಹಾಕುವುದಿಲ್ಲ’. ಕೋಲ ಕಟ್ಟುತ್ತಾರೆ, ಕೋಲ ಕೊಡುತ್ತಾರೆ. ಹಾಕುವುದು ರಂಗೋಲಿಯನ್ನು ಮಾತ್ರ. ಆದರೆ ತಿಂಗಳುಗಟ್ಟಲೆ ಪೇಟ ಹಾಕಿ, ಒಂಟೆ ಹಾಕಿ, ಶಂಖ ಹಾಕಿ ಎಂಬುದನ್ನೇ ಕೇಳಿದ ಕಿವಿಗೆ ‘ಕೋಲ ಹಾಕಿ’ ಎಂಬುದು ವಿಚಿತ್ರವಾಗಿ ಕೇಳಿಸಬೇಕಾದರೂ ಹೇಗೆ? ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಗಾದೆ ಇದೆಯಲ್ಲ, ಇಲ್ಲಿ ಗಣಪತಿಯನ್ನು ಕೇಳಿದವರೂ ಇರಲಿಲ್ಲ.

ಮುಂದಿನ ಎರಡು ದಿನ ನಡೆದದ್ದು ದೊಂಬರಾಟ. ಡಿಸೈನರ್, ಗಾಡಿಯ ದಾರಿ ಬದಲಾಯಿಸೋಣ ಎಂದ. ಊಟದ ಹಾಲಿನ ನಡುವೆ ಹಾದು, ಅಡುಗೆಮನೆ ಸುತ್ತಿ ಹಿಂದಿನ ಬಾಗಿಲಿನಿಂದ ಹೋಗಬೇಕಾಗುತ್ತದೆ, ಸಪ್ಲೈಯರುಗಳ ಕಾಲು ಬಿದ್ದುಹೋಗುತ್ತದೆ ಎಂದ ರೋಹಿತ್. ಬೇಸಿನ್ ಕಿತ್ತುಹಾಕೋಣ ಎಂದೆ ನಾನು. ಪೈಪುಗಳೆಲ್ಲ ಗೋಡೆಯೊಳಗಿವೆ ಎಂದರು. ಕೊನೆಗೆ ಒಂದು ಪರದೆ ಇಳಿಬಿಡೋಣ, ಊಟದ ಹೊತ್ತು ಮುಚ್ಚಿದರಾಯಿತು ಎಂದೆ. ಶೆಟ್ಟರು ಸಿಡಿದರು: ‘ಪರದೆ ಹಿಂದೆ ಅಡಗಿ ಕೂರ್ಲಿಕ್ಕೆ ದೈವ ಎಂತ ಕಳ್ಳನಾ ಮೇಡಂ?’

ಊರಿಗೆ ಫೋನ್ ಹೋಯಿತು. ಶೆಟ್ಟರ ಮನೆತನದ ಹಿರಿಯರೊಬ್ಬರು ವಿಷಯ ಕೇಳಿ, ಅದಕ್ಕೆ ವಿಧಿಪೂರ್ವಕ ಏನೂ ಆಗಿಲ್ಲ, ಚಿತ್ರ ಚಿತ್ರವೇ; ಆದರೆ ಎಂಜಲು ತಿರುಗುವ ಜಾಗದಲ್ಲಿ ಇಡಬೇಡಿ, ಒಂದು ತೆಂಗಿನಕಾಯಿ ಇಟ್ಟು ತಪ್ಪಾಯಿತು ಎಂದು ಹೇಳಿ ತೆಗೆಯಿರಿ ಎಂದರಂತೆ. ಸರಿ, ತೆಗೆಯುವವರು ಯಾರು? ನನ್ನ ಪೇಂಟರುಗಳು, ಸಾಮಿ ವಿಷಯ ನಮಗೆ ಬೇಡಮ್ಮ ಎಂದು ಬ್ರಷ್ ಕೆಳಗಿಟ್ಟರು. ಸುಧಾಕರನ ಕಡೆಯವರಂತೂ ಹತ್ತಿರವೇ ಬರಲಿಲ್ಲ. ರೋಹಿತ್ ಹೊರಗಿನಿಂದ ಇಬ್ಬರನ್ನು ಕರೆಸಿದ. ಅವರು ಒಳಗೆ ಬಂದು, ಕಣ್ಣೆತ್ತಿ ನೋಡಿ, ಟೀ ಕುಡಿದು ಬರುತ್ತೇವೆ ಎಂದು ಹೋದವರು ಬರಲಿಲ್ಲ. ಎಲ್ಲರ ಕಣ್ಣೂ ನನ್ನ ಮೇಲೆ ತಿರುಗಿತು.

ನನಗೆ ಕೆಂಡದಂಥ ಸಿಟ್ಟು. ಒಂಟೆಗೆ ಏನೂ ಆಗಲಿಲ್ಲ. ಭಾಂಗ್ರಾದವನಿಗೆ ಏನೂ ಆಗಲಿಲ್ಲ. ಕ್ಯಾಮೆರಾದ ಬಿಳಿಯನಂತೂ ಹಲ್ಲು ಕಿರಿಯುತ್ತ ಸುಖವಾಗಿದ್ದ. ಮೂವತ್ತೆಂಟು ಅಡಿಯಲ್ಲಿ ಯಾರಿಗೂ ಬೇಡವಾದದ್ದು ನಾನು ಮನಸಾರೆ ಬರೆದ ಎಂಟಡಿ ಮಾತ್ರವೇ? ಶೆಟ್ಟರು ಬೇಸಿನ್ನಿನ ಎದುರು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಒಬ್ಬರೇ ಕೂತಿದ್ದರು. ಹೋಗಿ ಎದುರಿಗೆ ನಿಂತೆ.

‘ಶೆಟ್ರೇ, ಕೈಮುಗಿದು ಕೇಳ್ತೀನಿ, ಇರಲಿ ಬಿಡಿ. ಹೊಸ ಸಪ್ಲೈಯರ್‌ಗಳು ಸಿಗ್ತಾರೆ. ಇಂಥದ್ದು ನಾನು ಮತ್ತೆ ಬರೆಯೋಕಾಗಲ್ಲ. ಏನಿದೆ ಅದರಲ್ಲಿ? ಅದು ಬರೀ ಬಣ್ಣ.’

ಅವರು ತಲೆ ಎತ್ತಿ ನನ್ನ ಮುಖ ನೋಡಿದರು. ‘ಬರೀ ಬಣ್ಣ ಆದ್ರೆ ನೀವು ಅಳುದು ಯಾಕೆ ಮೇಡಂ?’

ಅಳುತ್ತಿದ್ದೇನೆಂದು ನನಗೆ ಆವರೆಗೆ ಗೊತ್ತಿರಲಿಲ್ಲ. ಅವರೇ ಮಾತು ಮುಂದುವರಿಸಿದರು. ರೇಗುವ ದನಿಯಲ್ಲ.

‘ನಮ್ಮ ಕುಟುಂಬದ ಕೋಲಕ್ಕೆ ನಾನು ಹೋಗದೆ ಎಷ್ಟು ವರ್ಷ ಆಯ್ತು ಗೊತ್ತುಂಟಾ? ನನಗೇ ಲೆಕ್ಕ ಇಲ್ಲ. ಪ್ರತಿ ವರ್ಷ ಫೋನ್ ಬರ್ತದೆ. ಹಣ ಕಳಿಸ್ತೇನೆ, ಹೋಗುದಿಲ್ಲ. ಮೈಲಾಪುರದ ಹೋಟೆಲು ಬಿಟ್ಟು ಹೋಗ್ಲಿಕ್ಕೆ ಆಗುದಿಲ್ಲ, ಈ ಕಟ್ಟಡ ಮುಗೀಲಿ, ಮಂಡಿ ಸರಿ ಆಗ್ಲಿ. ದೈವದ ಎದುರು ನಿಂತ್ರೆ ಹೆಸರು ಹಿಡಿದು ಕರೀತದೆ, ಯಾಕೆ ಬರ್ಲಿಲ್ಲ ಅಂತ ಎಲ್ಲರೆದುರು ಕೇಳ್ತದೆ. ಆ ಹೆದರಿಕೆಗೇ ಇನ್ನಷ್ಟು ಮುಂದೆ ಹಾಕಿದೆ. ಈಗ ನೋಡಿ. ನಾನು ಕರೆದದ್ದು ಹಿಟ್ಟಿನ ಕೋಲವನ್ನು. ಬಂದದ್ದು ಯಾರು?’

ನಾನು ದೈವ ದೇವರ ವಿಷಯದಲ್ಲಿ ಅಷ್ಟೇನೂ ಗಟ್ಟಿ ನಂಬಿಕೆಯವಳಲ್ಲ. ಆದರೂ ಆ ಮಾತು ಕೇಳಿ ತಿರುಗಿ ಗೋಡೆ ನೋಡಿದಾಗ ಮೈ ಜುಂ ಎಂದಿತು. ಕಾಲು ಮುಂದಿಟ್ಟು ಬರುತ್ತಿರುವ ಭಂಗಿ ನಾನೇ ಆರಿಸಿದ್ದು. ಚೆನ್ನಾಗಿ ಕಾಣುತ್ತದೆಂದು ಆರಿಸಿದ್ದು. ಆ ಮುದುಕರಿಗೆ ಅದು ಹೇಗೆ ಕಂಡಿರಬೇಡ?

‘ಬೇರೆ ಯಾರ ಕೈಯೂ ಬೇಡ ಮೇಡಂ. ಬರೆದದ್ದು ನೀವು, ನೀವೇ ತೆಗೀರಿ. ನಾನು ಇಲ್ಲೇ ಕೂತಿರ್ತೇನೆ,’ ಎಂದರು.

ಮರುದಿನ ಬೆಳಿಗ್ಗೆ ಶೆಟ್ಟರು ತೆಂಗಿನಕಾಯಿ ಇಟ್ಟು, ದೀಪ ಹಚ್ಚಿ, ತುಳುವಿನಲ್ಲಿ ಏನೋ ಹೇಳಿಕೊಂಡರು. ನಾನು ಅಂಗೈಯಲ್ಲಿ ಉಪ್ಪುತ್ತಾಳ್ ಹಿಡಿದು ಸಾರುವೆ ಹತ್ತಿದೆ; ಸ್ಯಾಂಡ್‌ಪೇಪರಿಗೆ ಚೆನ್ನೈ ಪೇಂಟರುಗಳ ಹೆಸರು ಅದು. ಅಕ್ರಿಲಿಕ್ ಬಣ್ಣದ ಮೇಲೆ ಸುಮ್ಮನೆ ಸುಣ್ಣ ಬಳಿದರೆ ನಿಲ್ಲುವುದಿಲ್ಲ. ಮೊದಲು ಉಜ್ಜಿ ಒರಟು ಮಾಡಬೇಕು, ಆಮೇಲೆ ಪ್ರೈಮರ್, ಆಮೇಲೆ ಬಣ್ಣ. ಅಂದರೆ ಅಳಿಸುವುದು ಒಂದು ಏಟಿನ ಕೆಲಸವಲ್ಲ, ಅಂಗುಲ ಅಂಗುಲ ಉಜ್ಜಬೇಕು. ಅಣಿಯಿಂದ ಶುರುಮಾಡಿದೆ. ಕೆಂಪು ಪುಡಿ ತಲೆಗೂದಲಿಗೆ, ಮೂಗಿಗೆ, ಬಾಯಿಗೆಲ್ಲ ಮೆತ್ತಿಕೊಂಡಿತು. ಶೆಟ್ಟರನ್ನು, ಅವರ ಮಗನನ್ನು, ಡಿಸೈನರನ್ನು, ತಮಿಳರ ಮೂಗನ್ನು, ಎಲ್ಲರನ್ನೂ ಬಾಯಿಗೆ ಬಂದಂತೆ ಬೈಯುತ್ತ ಉಜ್ಜಿದೆ. ಕೆಳಗೆ ಕೂತವರಿಗೆ ಕೇಳಿಸಿರಬೇಕು. ಮುಖದವರೆಗೆ ಬಂದಾಗ ನನ್ನ ಕೈ ನಿಂತಿತು. ಕೆಳಗಿನಿಂದ ಕುರ್ಚಿ ಸರಿದ ಸದ್ದಾಯಿತು. ನೋಡಿದರೆ ಶೆಟ್ಟರು ಮಂಡಿ ನೋವನ್ನು ಮರೆತು ಎದ್ದು ನಿಂತು ಕೈಮುಗಿದಿದ್ದರು.

‘ತೆಗೀರಿ ಮೇಡಂ. ನಾನು ಬರ್ತೇನೆ ಅಂತ ಹೇಳಿಯಾಗಿದೆ,’ ಎಂದರು.

ನನಗಲ್ಲ, ಅದಕ್ಕೆ ಹೇಳಿದ್ದರು. ಕಣ್ಣು ಮುಚ್ಚಿಕೊಂಡು ಕಣ್ಣುಗಳನ್ನು ಉಜ್ಜಿದೆ.

ಅಲ್ಲಿಗೆ ಮುಗಿಯಿತೆಂದುಕೊಂಡರೆ ಇಲ್ಲ. ಅದೇ ಸಂಜೆ ಶೆಟ್ಟರು ಉದ್ಘಾಟನೆಯನ್ನೇ ಮುಂದಕ್ಕೆ ಹಾಕಿದರು. ಆಮಂತ್ರಣ ಹಂಚಿಯಾಗಿದೆ, ರೂಮುಗಳು ಬುಕ್ ಆಗಿವೆ ಎಂದು ರೋಹಿತ್ ಎರಡೂವರೆ ಭಾಷೆಗಳಲ್ಲಿ ಕೂಗಾಡಿದ. ಅಪ್ಪ ಜಪ್ಪಯ್ಯ ಎನ್ನಲಿಲ್ಲ. ಊರಿನ ಕೋಲ ಮುಗಿಸಿಕೊಂಡು ಬಂದ ಮೇಲೆಯೇ ಬಾಗಿಲು ತೆರೆಯುವುದೆಂದರು. ಮಗನೂ ಬರಬೇಕೆಂದರು. ಕೂಗಾಡುತ್ತಲೇ ಅವನೂ ಹೋದ.

ಹಿಂದಿರುಗಿದ ಮೇಲೆ ಶೆಟ್ಟರು ಬೇರೆ ಮನುಷ್ಯರೇನೂ ಆಗಿರಲಿಲ್ಲ. ಬಂದವರೇ ಸಾಂಬಾರಿನ ವಿಷಯಕ್ಕೆ ಅಡುಗೆಯವರ ಮೇಲೆ ಹರಿಹಾಯ್ದರು. ಕೋಲದಲ್ಲಿ ದೈವ ಏನು ಕೇಳಿತು ಎಂದು ನಾನು ಕೇಳಿದೆ. ‘ಎಂತ ಕೇಳಲಿಲ್ಲ ಮೇಡಂ. ಬಂದೆಯಾ ಅಂತು. ಅಷ್ಟೇ,’ ಎಂದು ಗಲ್ಲಾದ ಕಡೆ ತಿರುಗಿ ಮೂಗು ಒರೆಸಿಕೊಂಡರು. ಖಾಲಿ ಬಿದ್ದ ಎಂಟಡಿಗೆ ಏನು ಮಾಡಲಿ, ಇನ್ನಾದರೂ ಕೋಲಂ ಬರೆಯಲೇ ಎಂದೆ. ಮಕಾರವನ್ನು ಒತ್ತಿ ಒತ್ತಿ ಹೇಳಿದೆ.

‘ಬೇಡ. ನೆಲದ್ದನ್ನು ನಮ್ಮವಳು ನೆಲದಲ್ಲಿ ಹಾಕ್ತಾಳೆ. ಗೋಡೆ ಖಾಲಿ ಇರ್ಲಿ.’

ಸಾದಾ ಹಳದಿ ಬಣ್ಣ ಹೊಡೆಸಿ ಕೈ ತೊಳೆದುಕೊಂಡೆ. ಉದ್ಘಾಟನೆಗೆ ಬಂದವರು ಒಂಟೆಯ ಪಕ್ಕ ನಿಂತು ಸೆಲ್ಫಿ ತೆಗೆಸಿಕೊಂಡರು. ಡಿಸೈನರ್ ನನ್ನ ಹತ್ತಿರ ಬಂದು, ಆ ಖಾಲಿ ಜಾಗ ಬಿಟ್ಟಿದ್ದೇ ಇಡೀ ಗೋಡೆಯ ಮಾಸ್ಟರ್‌ಸ್ಟ್ರೋಕ್ ಎಂದ. ಅವನ ತಲೆಗೆ ಒಂದು ಬಿಡೋಣವೆನ್ನಿಸಿತು.

ಈ ಕೆಲಸ ನನಗೆ ಕಲಿಸಿದ್ದು ಏನೆಂದು ನನ್ನ ಬಳಿ ಭಿತ್ತಿಚಿತ್ರ ಕಲಿಯಲು ಬರುವ ವಿದ್ಯಾರ್ಥಿಗಳು ಕೇಳುತ್ತಾರೆ. ಗಿರಾಕಿಯ ಊರು ಕೇಳಿ ಅವನ ಚಿತ್ರವನ್ನು ತಲೆಯಲ್ಲಿ ಬರೆದುಕೊಳ್ಳಬೇಡಿ ಎನ್ನುತ್ತೇನೆ. ಮಣಿಪುರದವಳು ಜೀನ್ಸ್ ಹಾಕುತ್ತಾಳೆ, ಉಡುಪಿಯವರಿಗೆ ಮೈಲಾಪುರದ ರಂಗೋಲಿ ಬೇಕಾಗುತ್ತದೆ. ಸ್ಕೆಚ್ಚನ್ನು ಮೊಬೈಲಿಗೆ ಕಳಿಸಬೇಡಿ, ಕೇಳಿದವರ ಮೂಗಿನ ಕೆಳಗೆ ಹಿಡಿಯಿರಿ ಎನ್ನುತ್ತೇನೆ. ಆ ಗೋಡೆಯ ಎದುರು ದಿನಾ ಯಾರು, ಏನು ಹೊತ್ತು ಓಡಾಡುತ್ತಾರೆಂದು ಮೊದಲು ನೋಡಿ ಎನ್ನುತ್ತೇನೆ. ಎಲ್ಲ ಬರೆದುಕೊಳ್ಳುತ್ತಾರೆ.

ಅವರಿಗೆ ಹೇಳದ ಒಂದು ವಿಷಯವಿದೆ, ಏಕೆಂದರೆ ಅದರಿಂದ ಏನು ಕಲಿಯಬೇಕೆಂದು ನನಗೇ ಗೊತ್ತಿಲ್ಲ. ಹೋದ ತಿಂಗಳು ಟಿ. ನಗರಕ್ಕೆ ಹೋದವಳು ಆ ಹೋಟೆಲಿಗೆ ಕಾಫಿಗೆಂದು ಹೊಕ್ಕೆ. ಬೆಳಗಿನ ತಿಂಡಿಯ ನೂಕುನುಗ್ಗಲು. ಸುಧಾಕರ ಎಂಜಲು ತಟ್ಟೆಗಳ ಗಾಡಿಯನ್ನು ತಳ್ಳಿಕೊಂಡು ಬಂದ. ಎದುರಿಗೇ ಓಣಿ, ಹತ್ತು ಹೆಜ್ಜೆ. ಅವನು ಗಾಡಿಯನ್ನು ತಿರುಗಿಸಿ, ಗಿರಾಕಿಗಳಿಂದ ಬೈಸಿಕೊಳ್ಳುತ್ತ ಇಡೀ ಹಾಲು ಹಾದು, ಅಡುಗೆಮನೆಯ ಹಿಂದಿನಿಂದ ಸುತ್ತಿ ಹೋದ. ಕರೆದು ಕೇಳಿದೆ, ಅಲ್ಲಯ್ಯ, ಈಗ ಅಲ್ಲಿ ಏನಿದೆ, ಬರೀ ಹಳದಿ ಗೋಡೆ ತಾನೇ?

‘ಹೌದು ಮೇಡಂ,’ ಎಂದ. ‘ಆದ್ರೆ ನಮಗೆ ಗೊತ್ತುಂಟಲ್ಲ.’